ಪಳೆಯುಳಿಕೆಗೆ ಅಂಟಿದ ಸುಣ್ಣ, ತುಕ್ಕು, ಜಿಪ್ಸಂ ಬಿಡಿಸುವ ಬಗೆ

ಮೈಸೂರು, ಮಂಡ್ಯದ ನೆಲ ಅಗೆದರೆ ಪಳೆಯುಳಿಕೆ ಸಿಗುವುದಿಲ್ಲ. ಇಲ್ಲಿನ ಬಹುಪಾಲು ನೈಸ್ ಶಿಲೆ (ಭೂಮಿಯಾಳದ ಶಾಖ, ಒತ್ತಡಕ್ಕೆ ರೂಪ ಬದಲಾದ ಕಲ್ಲು) 250 ಕೋಟಿ ವರ್ಷಕ್ಕಿಂತ ಹಳೆಯದು. ಚಿಪ್ಪು, ಮೂಳೆ ಇರುವ ಜೀವಿಗಳು ಹುಟ್ಟುವ ಎಷ್ಟೋ ಮೊದಲೇ ಬೆಂದು ಮಡಚಿಕೊಂಡಿದ್ದು. ಚಾಮುಂಡಿ ಬೆಟ್ಟದ ಗ್ರಾನೈಟ್ ಕೂಡ ಕರಗಿದ ಕಲ್ಲು ತಣಿದು ಆದದ್ದು. ಹಾಗಾಗಿ ನಮ್ಮ ಊರಿನ ಕಪಾಟುಗಳಲ್ಲಿರುವ ಪಳೆಯುಳಿಕೆಗಳೆಲ್ಲ ದೂರದಿಂದ ಬಂದವು: ಭೂವಿಜ್ಞಾನದ ವಿದ್ಯಾರ್ಥಿಗಳು ಕ್ಷೇತ್ರ ಪ್ರವಾಸದಲ್ಲಿ ತಮಿಳುನಾಡಿನ ಅರಿಯಲೂರು, ಕಾರೈ ಕಡೆಯಿಂದ ತಂದ ಅಮೋನೈಟ್, ಬೆಲೆಮ್ನೈಟ್ (ಎರಡೂ ಅಳಿದುಹೋದ, ಸ್ಕ್ವಿಡ್‌ನ ಬಳಗದ ಕಡಲಜೀವಿಗಳು), ಕಛ್‌ನ ಚಿಪ್ಪುಗಳು, ಎಲ್ಲಿಂದಲೋ ಕೈಬದಲಾಗಿ ಬಂದ ಕಲ್ಲಾದ ಮರದ ತುಂಡು. ಇವುಗಳ ಜೊತೆ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿರುವ ಸಾಲಿಗ್ರಾಮ. ಕೆಟ್ಟರೆ ಅಂಥದ್ದೇ ಇನ್ನೊಂದನ್ನು ಹೋಗಿ ಹೆಕ್ಕಿಕೊಂಡು ಬರುವುದು ಸುಲಭವಲ್ಲ.

ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮೇಲೆ ಕೂತದ್ದು ಏನು, ಕೆಳಗಿರುವುದು ಏನು ಎಂದು ನೋಡದೆ ಆಸಿಡ್ ಬಾಟಲಿಗೆ ಕೈ ಹಾಕುವುದು. ಸುಣ್ಣದ ಚಿಪ್ಪಿನ ಮೇಲೆ ಸುಣ್ಣದ ಕರಣೆ (ಗಟ್ಟಿಯಾಗಿ ಅಂಟಿದ ಪದರ) ಕೂತಿದ್ದರೆ ಆಸಿಡ್‌ಗೆ ಎರಡೂ ಒಂದೇ. ಅಲ್ಲಿ ಗೆರೆ ಎಳೆಯಬಲ್ಲದ್ದು ಸೂಜಿ ಹಿಡಿದ ಕೈ ಮಾತ್ರ.

ಯಾವುದರ ಮೇಲೆ ಯಾವುದು ಕೂತಿದೆ

ಬೇಕಾದದ್ದು ಸ್ವಲ್ಪವೇ. ಅಕ್ಕಸಾಲಿಗರು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ 10 ಪಟ್ಟು ಮಸೂರ, ಒಂದು ಕಬ್ಬಿಣದ ಮೊಳೆ, ಪಿಂಗಾಣಿ ಬಟ್ಟಲಿನ ಹೊಳಪಿಲ್ಲದ ತಳ, ಮತ್ತು 10 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್ ತುಂಬಿದ ಸಣ್ಣ ಡ್ರಾಪರ್ ಬಾಟಲಿ. ಪ್ರಯೋಗಶಾಲೆಯ 35 ಶೇಕಡಾ ಆಸಿಡ್ 1 ಪಾಲನ್ನು 3 ಪಾಲು ನೀರಿಗೆ ನಿಧಾನವಾಗಿ ಸುರಿದರೆ ಹೆಚ್ಚುಕಡಿಮೆ ಈ ಹದ ಬರುತ್ತದೆ. ಯಾವ ಆಸಿಡ್ ಆದರೂ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಸುರಿಯಬಾರದು, ಸಿಡಿಯುತ್ತದೆ. ಈ ಬಾಟಲಿ ಪರೀಕ್ಷೆಗೆ ಮಾತ್ರ, ಸ್ವಚ್ಛ ಮಾಡುವುದಕ್ಕಲ್ಲ.

ಪಳೆಯುಳಿಕೆ ಇಲ್ಲದ ಮೂಲೆಯಲ್ಲಿ ಒಂದು ಹನಿ ಬಿಡಿ. ಜೋರಾಗಿ ನೊರೆ ಬಂದರೆ ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲು. ಸುಮ್ಮನಿದ್ದು, ಮೊಳೆಯಿಂದ ಕೆರೆದು ಪುಡಿ ಮಾಡಿದ ಜಾಗದಲ್ಲಿ ಮಾತ್ರ ಮೆಲ್ಲಗೆ ಗುಳ್ಳೆ ಎದ್ದರೆ ಡಾಲಮೈಟ್, ಅಂದರೆ ಮೆಗ್ನೀಸಿಯಂ ಬೆರೆತ ಸುಣ್ಣದ ಕಲ್ಲು. ನೊರೆಯೇ ಬಾರದಿದ್ದರೆ ಗಡಸುತನ ನೋಡಿ: ಉಗುರಿನಿಂದ ಕೆರೆದಾಗ ಗೀರು ಬಿದ್ದರೆ ಜಿಪ್ಸಂ (1ರಿಂದ 10ರ ಮೋಸ್ ಮಾಪಕದಲ್ಲಿ ಗಡಸುತನ 2), ಮೊಳೆಗೂ ಜಗ್ಗದೆ ಮೊಳೆಯ ಲೋಹವೇ ಗೆರೆಯಾಗಿ ಉಳಿದರೆ ಸಿಲಿಕಾ, ಅಂದರೆ ಬೆಣಚುಕಲ್ಲಿನ ವಸ್ತು (7). ಕಂದು, ಕೆಂಪು, ಕಪ್ಪು ಪದರವಾದರೆ ಅದರ ಒಂದು ಚೂರನ್ನು ಪಿಂಗಾಣಿಯ ತಳಕ್ಕೆ ಉಜ್ಜಿ. ಇಟ್ಟಿಗೆಗೆಂಪು ಗೆರೆ ಹೆಮಟೈಟ್, ಹಳದಿಗಂದು ಗೆರೆ ಗೋಥೈಟ್ ಅಥವಾ ಲಿಮೋನೈಟ್ (ಇವೆಲ್ಲ ಕಬ್ಬಿಣದ ತುಕ್ಕೇ), ಹಸಿರು ಮಿಶ್ರಿತ ಕಪ್ಪು ಗೆರೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ). ಪೈರೈಟ್ ಕಂಡರೆ ನೀರು ಮುಟ್ಟಿಸುವ ಮೊದಲು ಅದರ ಭಾಗವನ್ನು ಕೆಳಗೆ ಓದಿ.

ಇನ್ನು ಪಳೆಯುಳಿಕೆಯ ಮೈ. ಸಿಂಪಿಯಂಥ ಚಿಪ್ಪು, ಬೆಲೆಮ್ನೈಟ್, ಕಡಲ ಮುಳ್ಳುಚೆಂಡು ಇವೆಲ್ಲ ಸಾಮಾನ್ಯವಾಗಿ ಕ್ಯಾಲ್ಸೈಟ್ (3). ಅಮೋನೈಟ್‌ನ ಮುತ್ತಿನ ಹೊಳಪು ಉಳಿದಿದ್ದರೆ ಅದು ಅರಾಗೊನೈಟ್, ಸುಣ್ಣದ ಇನ್ನೊಂದು ಹರಳು ರೂಪ (3.5ರಿಂದ 4). ಮೂಳೆ, ಶಾರ್ಕ್ ಹಲ್ಲು ಅಪಟೈಟ್, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್ (5). ತಮಿಳುನಾಡಿನ ತಿರುವಕ್ಕರೈ, ಸಾತ್ತನೂರಿನಲ್ಲಿ ಕಾಣುವಂಥ ಕಲ್ಲಾದ ಮರ ಸಿಲಿಕಾ. (ಆ ಎರಡೂ ಜಾಗ ರಕ್ಷಿತ, ಅಲ್ಲಿಂದ ಒಂದು ಚೂರೂ ತರಬಾರದು.)

ದಾರಿ ಇಲ್ಲಿಂದಲೇ ಕವಲೊಡೆಯುತ್ತದೆ. ಸಿಲಿಕಾ ಮೇಲೆ ಸುಣ್ಣವಿದ್ದರೆ ಆಸಿಡ್ ನಡೆಯುತ್ತದೆ. ಮೂಳೆಯ ಮೇಲೆ ಸುಣ್ಣವಿದ್ದರೆ ತೆಳು ಅಸಿಟಿಕ್ ಆಸಿಡ್, ಅದೂ ಮುಂದೆ ಹೇಳುವ ಕಾವಲಿನ ಜೊತೆ. ಸುಣ್ಣದ ಮೇಲೆ ಸುಣ್ಣವಾದರೆ ಸೂಜಿಯೇ. ಸುಣ್ಣದ ಮೇಲೆ ತುಕ್ಕು ಕೂತಿದ್ದರೆ ಮುಂದೆ ಹೇಳುವ ಹೈಡ್ರೋಸ್ ಎಂಬ ಪುಡಿ. ಯಾವುದರ ಮೇಲಾದರೂ ಸಿಲಿಕಾ ಕೂತಿದ್ದರೆ ಬಿಟ್ಟುಬಿಡಿ. ಸಿಲಿಕಾ ಕರಗಿಸುವುದು ಹೈಡ್ರೋಫ್ಲೋರಿಕ್ ಆಸಿಡ್. ಅಂಗೈಯಗಲ ಚರ್ಮಕ್ಕೆ ತಾಗಿದರೂ ಜೀವ ಹೋಗಬಹುದು. ಮನೆಯಲ್ಲಾಗಲಿ ಕಾಲೇಜಿನ ಸಾಮಾನ್ಯ ಪ್ರಯೋಗಶಾಲೆಯಲ್ಲಾಗಲಿ ಅದಕ್ಕೆ ಜಾಗವಿಲ್ಲ.

ಸೂಜಿ ಕೆಲಸ

ಅರ್ಧಕ್ಕಿಂತ ಹೆಚ್ಚು ಕೆಲಸ ಒಣಗಿದ ಸ್ಥಿತಿಯಲ್ಲೇ ಮುಗಿಯಬೇಕು, ಮುಗಿಯುತ್ತದೆ ಕೂಡ. ಒಂದು ಅಡಿ ಉದ್ದದ ಬಟ್ಟೆ ಚೀಲಕ್ಕೆ ಜರಡಿ ಹಿಡಿದ ಮರಳನ್ನು ಮುಕ್ಕಾಲು ಭಾಗ ತುಂಬಿ ಹೊಲಿಯಿರಿ. ತುಂಡನ್ನು ಅದರ ಮೇಲೆ ಒತ್ತಿ ಕೂರಿಸಿದರೆ ಕೈ ಒತ್ತಡ ಒಂದೇ ಕಡೆ ಬೀಳುವುದಿಲ್ಲ. ರಾಗಿ ತುಂಬಿದ ಚೀಲ ಇನ್ನೂ ನಯವಾಗಿ ಕೂರುತ್ತದೆ, ಆದರೆ ನೀರು ಸೋಕಿದರೆ ಮೊಳಕೆ ಬರುತ್ತದೆ, ಹುಳ ಹಿಡಿಯುತ್ತದೆ. ಮರಳೇ ವಾಸಿ.

ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಲ್ಲಿ ಪಿನ್ ವೈಸ್ ಎಂಬ ಸಣ್ಣ ಹಿಡಿ ಸಿಗುತ್ತದೆ. ಅದಕ್ಕೆ ಹೊಲಿಗೆ ಯಂತ್ರದ 18ನೇ ನಂಬರಿನ ಸೂಜಿ ಸಿಕ್ಕಿಸಿ. ದಪ್ಪ ಕರಣೆಗೆ ದಬ್ಬಳದ ತುದಿ ಮುರಿದು ಸಾಣೆಕಲ್ಲಿನ ಮೇಲೆ ಹರಿತ ಮಾಡಿಕೊಂಡದ್ದು ಆಗುತ್ತದೆ. ಮೊಂಡಾದ ಸೂಜಿ ಜಾರುತ್ತದೆ, ಜಾರಿದ ಗೀರು ಚಿಪ್ಪಿನ ಮೇಲೆ ಶಾಶ್ವತ. ಹತ್ತು ನಿಮಿಷಕ್ಕೊಮ್ಮೆ ಸಾಣೆ ಹಿಡಿಯುವ ಅಭ್ಯಾಸ ಇರಲಿ.

ಸೂಜಿಯನ್ನು ಮಲಗಿಸಿ ಕೆರೆಯಬೇಡಿ. ಹೆಚ್ಚುಕಡಿಮೆ ನೆಟ್ಟಗೆ ಹಿಡಿದು, ಪಳೆಯುಳಿಕೆಯ ಅಂಚಿನಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿ ಕರಣೆಯೊಳಕ್ಕೆ ಒತ್ತಿ, ಪಳೆಯುಳಿಕೆಯಿಂದ ಆಚೆಗೆ ಮೆಲ್ಲಗೆ ತಿರುಚಿ. ಚಿಪ್ಪಿಗೂ ಕರಣೆಗೂ ನಡುವೆ ಬಹಳ ಸಲ ಸಣ್ಣ ಬಿಡುವು ಇರುತ್ತದೆ. ಒತ್ತಡ ಅದನ್ನು ಹುಡುಕಿಕೊಂಡು ಹೋಗಿ ಕರಣೆ ಚಕ್ಕೆಯಾಗಿ ಎದ್ದು ಬರುತ್ತದೆ. ಹಾಗೆ ಎದ್ದು ಬಂದ ಜಾಗದಲ್ಲಿ ಚಿಪ್ಪಿನ ಗೆರೆಗಳು ಹೊಸದಾಗಿ ಕಾಣುತ್ತವೆ. ಚಕ್ಕೆ ಏಳದೆ ಬರೀ ಬಿಳಿ ಪುಡಿ ಬರುತ್ತಿದ್ದರೆ ಕರಣೆ ಚಿಪ್ಪಿನೊಂದಿಗೆ ಒಂದಾಗಿ ಹರಳುಗಟ್ಟಿದೆ ಎಂದು ತಿಳಿಯಿರಿ. ಅಲ್ಲಿ ಒಂದು ತೆಳು ಪದರ ಉಳಿಸಿ ನಿಲ್ಲಿಸುವುದೇ ವಿವೇಕ.

ಕೆರೆಯುವಾಗ ಪುಡಿಯನ್ನು ಬಾಯಿಂದ ಊದಬೇಡಿ, ರಬ್ಬರ್ ಬಲ್ಬಿನಿಂದ ಊದಿ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್-95 ಮಾಸ್ಕ್ ಬೇಕು. ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ.

ಕಾರೈ ಜೇಡಿಯಿಂದ ಬಂದ ತುಂಡುಗಳ ಮೇಲಿನ ಜಿಪ್ಸಂಗೂ ಇದೇ ದಾರಿ. ಜಿಪ್ಸಂ ನೀರಿನಲ್ಲಿ ಕರಗುತ್ತದೆ ನಿಜ, ಆದರೆ ಲೀಟರಿಗೆ ಸುಮಾರು 2 ಗ್ರಾಂ ಮಾತ್ರ. ಅಷ್ಟು ಕರಗುವ ಹೊತ್ತಿಗೆ ಒಳಗಿನ ಜೇಡಿ ಉಬ್ಬಿ ಅಮೋನೈಟ್ ಬಿರಿಯುತ್ತದೆ. ಉಗುರಿಗೇ ಗೀರುವ ವಸ್ತುವಿಗೆ ನೀರೇಕೆ? ಹರಿತ ಮಾಡಿದ ಬಿದಿರು ಕಡ್ಡಿ ಸಾಕು. ಅದು ಜಾರಿದರೂ ಚಿಪ್ಪಿಗೆ ಗೀರು ಬೀಳುವುದಿಲ್ಲ.

ಅಸಿಟಿಕ್ ಆಸಿಡ್: ಸುಣ್ಣದಿಂದ ಮೂಳೆ, ಹಲ್ಲು, ಸಿಲಿಕಾ ಬಿಡಿಸಲು

ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್‌ನಲ್ಲಿ 4 ಶೇಕಡಾ ಅಸಿಟಿಕ್ ಆಸಿಡ್ ಇರುತ್ತದೆ. ಸಣ್ಣ ತುಂಡಿಗೆ ಅದೇ ಸಾಕು. ದೊಡ್ಡದಕ್ಕೆ 950 ಮಿಲೀ ಡಿಸ್ಟಿಲ್ಡ್ ನೀರಿಗೆ 50 ಮಿಲೀ ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಸಿಡ್ ಸುರಿದರೆ 5 ಶೇಕಡಾ ಆಗುತ್ತದೆ. ಗ್ಲೇಶಿಯಲ್ ಆಸಿಡ್ 16.6 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಜನವರಿಯ ಮೈಸೂರಿನ ಮುಂಜಾವಿನಲ್ಲಿ ಬಾಟಲಿಯೊಳಗೆ ಹರಳು ಕಂಡರೆ ಕೆಟ್ಟಿದೆ ಎಂದುಕೊಳ್ಳಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ತಿಳಿಯಾಗುತ್ತದೆ. ಅದರ ಹಬೆ ಕಣ್ಣು, ಗಂಟಲು ಉರಿಸುತ್ತದೆ, ಹನಿ ಬಿದ್ದರೆ ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ ಹಾಕಿ, ಬಯಲಲ್ಲಿ ಬೆರೆಸಿ.

ಲೆಕ್ಕ ಹೀಗಿದೆ: 5 ಶೇಕಡಾದ 1 ಲೀಟರ್ ಪೂರ್ತಿ ದಣಿಯುವ ಹೊತ್ತಿಗೆ ಹೆಚ್ಚೆಂದರೆ 44 ಗ್ರಾಂ ಸುಣ್ಣದ ಕಲ್ಲು ಕರಗೀತು. ಅರ್ಧ ಕಿಲೋ ಕಲ್ಲನ್ನು ಒಂದು ಲೋಟ ವಿನೆಗರ್‌ನಲ್ಲಿ ಮುಳುಗಿಸಿ ಎರಡು ದಿನ ಕಾದರೆ ಏನೂ ಆಗದಿರುವುದು ಇದಕ್ಕೇ. ತುಂಡಿನ ಗಾತ್ರದ ಹತ್ತರಷ್ಟಾದರೂ ದ್ರಾವಣ ಇರಲಿ.

ಮೂಳೆಗೆ ಎರಡು ಕಾವಲು ಬೇಕು. ಅಪಟೈಟ್ ಅಸಿಟಿಕ್ ಆಸಿಡ್‌ನಲ್ಲಿ ನಿಧಾನವಾಗಿ ಕರಗುತ್ತದೆ, ಕರಗುವುದೇ ಇಲ್ಲ ಎಂದಲ್ಲ. ಮೊದಲನೆಯದಾಗಿ ಪ್ರತಿ ಲೀಟರ್ ದ್ರಾವಣಕ್ಕೆ 1 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಕದಡಿ ಒಂದು ರಾತ್ರಿ ಬಿಡಿ. ದ್ರಾವಣಕ್ಕೆ ಫಾಸ್ಫೇಟ್ ಮೊದಲೇ ಸಿಕ್ಕಿದ್ದರೆ ಮೂಳೆಯಿಂದ ಕಿತ್ತುಕೊಳ್ಳುವುದು ಕಡಿಮೆಯಾಗುತ್ತದೆ. ಎರಡನೆಯ ಸುತ್ತಿನಿಂದ 7 ಪಾಲು ಹೊಸ ದ್ರಾವಣಕ್ಕೆ 3 ಪಾಲು ಸೋಸಿದ ಹಳೆಯ ದ್ರಾವಣ ಸೇರಿಸುವುದೂ ಒಳ್ಳೆಯದು. ಹಳೆಯದರಲ್ಲಿರುವ ಕ್ಯಾಲ್ಸಿಯಂ ಅಸಿಟೇಟ್ ಆಸಿಡ್‌ನ ಮೊನೆ ಮುರಿಯುತ್ತದೆ. ಎರಡನೆಯ ಕಾವಲು ಲೇಪ. 100 ಮಿಲೀ ಅಸಿಟೋನ್‌ನಲ್ಲಿ 10 ಗ್ರಾಂ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಕರಗಿಸಿ, ಈಗಾಗಲೇ ಹೊರಗೆ ಕಾಣುವ ಮೂಳೆಗೆ ತೆಳುವಾಗಿ ಎರಡು ಸಲ ಬಳಿದು, 24 ಗಂಟೆ ಒಣಗಿಸಿ. ಮಳೆಗಾಲದ ತೇವದಲ್ಲಿ ಬಳಿದರೆ ಅಸಿಟೋನ್ ಹಾರುವ ತಂಪಿಗೆ ಗಾಳಿಯ ನೀರು ಮೇಲ್ಮೈ ಮೇಲೆ ಇಳಿದು ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ. ಬಿಸಿಲು ಬಂದ ಮಧ್ಯಾಹ್ನ ನೋಡಿ ಬಳಿಯಿರಿ. ಅಸಿಟೋನ್ ಹತ್ತಿರ ಒಲೆ, ಊದುಬತ್ತಿ, ದೀಪ ಇರಬಾರದು.

ತುಂಡನ್ನು ಪ್ಲಾಸ್ಟಿಕ್ ಜಾಲರಿಯ ಮೇಲಿಟ್ಟು ಪ್ಲಾಸ್ಟಿಕ್ ಟಬ್ಬಿಗೆ ಇಳಿಸಿ. ಮೊದಲ ಸಲ 6 ಗಂಟೆ ಸಾಕು, ಆಮೇಲೆ 24 ಗಂಟೆಯವರೆಗೆ. ಮುಚ್ಚಳ ಬಿಗಿಯಬೇಡಿ, ಗುಳ್ಳೆಯಾಗಿ ಬರುವ ಇಂಗಾಲದ ಡೈಆಕ್ಸೈಡ್ ಹೋಗಲು ದಾರಿ ಬೇಕು. ಗುಳ್ಳೆಯ ರಭಸಕ್ಕೇ ಸಣ್ಣ ಹಲ್ಲು, ಎಳೆಮೂಳೆ ಕಳಚಿ ತಳಕ್ಕೆ ಬೀಳುವುದುಂಟು. ದ್ರಾವಣವನ್ನು ಯಾವಾಗಲೂ ಬಟ್ಟೆಯಲ್ಲಿ ಸೋಸಿ, ತಳದ ಮಡ್ಡಿಯನ್ನು ಮಸೂರದಲ್ಲಿ ನೋಡಿದ ಮೇಲೆಯೇ ಚೆಲ್ಲಿ.

ಹೊರತೆಗೆದ ಮೇಲೆ ಆಸಿಡ್‌ನಲ್ಲಿದ್ದ ಹೊತ್ತಿನ ಮೂರರಷ್ಟು ಹೊತ್ತು ನೀರಿನಲ್ಲಿರಬೇಕು: 24 ಗಂಟೆ ಆಸಿಡ್ ಆದರೆ 3 ದಿನ ನೀರು, ದಿನಕ್ಕೆ ಎರಡು ಸಲ ಬದಲಾಯಿಸಿ. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಮೇಲೆ ತೊಳೆದು ಒಣಗಿಸಿದರೆ ಒಳಗಿನ ಬಿರುಕುಗಳಲ್ಲಿ ಉಳಿದ ಕ್ಯಾಲ್ಸಿಯಂ ಅಸಿಟೇಟ್ ನೀರಿನ ಜೊತೆ ಹೊರಗೆ ಬಂದು ಬಿಳಿ ಎಳೆಗಳಾಗಿ ಹರಳುಗಟ್ಟುತ್ತದೆ, ಹರಳು ಬೆಳೆಯುವ ಒತ್ತಡಕ್ಕೆ ಮೂಳೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮೂಸಿದಾಗ ವಿನೆಗರ್ ವಾಸನೆ ಇದ್ದರೆ ತೊಳೆದದ್ದು ಸಾಲದು. ನೆರಳಲ್ಲಿ ನಿಧಾನವಾಗಿ ಒಣಗಿಸಿ, ಮೆತ್ತಗಾದ ಕರಣೆಯನ್ನು ಸೂಜಿಯಿಂದ ತೆಗೆದು, ಹೊಸದಾಗಿ ಕಂಡ ಮೂಳೆಗೆ ಲೇಪ ಬಳಿದು, ಮತ್ತೆ ಆಸಿಡ್‌ಗೆ. ಇಂಥ ಐದಾರು ಸುತ್ತು ಸಾಮಾನ್ಯ, ದೊಡ್ಡ ತುಂಡಿಗೆ ತಿಂಗಳುಗಟ್ಟಲೆ.

ಹಿತ್ತಾಳೆ ಬೆಳಗುವ ಹುಣಸೆಹಣ್ಣು, ನಿಂಬೆಹುಳಿಯಿಂದ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹುಣಸೆಯ ಟಾರ್ಟಾರಿಕ್ ಆಸಿಡ್, ನಿಂಬೆಯ ಸಿಟ್ರಿಕ್ ಆಸಿಡ್ ಎರಡೂ ಸುಣ್ಣದೊಂದಿಗೆ ಸೇರಿ ನೀರಿನಲ್ಲಿ ಸುಲಭವಾಗಿ ಕರಗದ ಬಿಳಿ ಪುಡಿಯಾಗುತ್ತವೆ. ಒಂದು ಕರಣೆ ತೆಗೆಯಲು ಹೋಗಿ ಇನ್ನೊಂದನ್ನು ಕೂರಿಸಿದಂತೆ. ಬಾತ್‌ರೂಮ್ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ; ಅದು ಹೈಡ್ರೋಕ್ಲೋರಿಕ್, ಮೂಳೆಯನ್ನೂ ಸುಣ್ಣವನ್ನೂ ಒಟ್ಟಿಗೆ ತಿನ್ನುತ್ತದೆ.

ತುಕ್ಕು ತೆಗೆಯಲು ಹೈಡ್ರೋಸ್

ಮಂಡ್ಯದ ಆಲೆಮನೆಗಳಲ್ಲಿ ಬೆಲ್ಲದ ಬಣ್ಣ ತಿಳಿಯಾಗಿಸಲು ಹಾಕುವ, ಬಣ್ಣ ಹಾಕುವವರೂ ಬಳಸುವ 'ಹೈಡ್ರೋಸ್' ಎಂಬ ಬಿಳಿ ಪುಡಿಯೇ ಸೋಡಿಯಂ ಡೈಥಯೊನೈಟ್. ಬೆಲ್ಲಕ್ಕೆ ಅದು ಬೇಡದ್ದು; ಸುಣ್ಣದ ಪಳೆಯುಳಿಕೆಯ ತುಕ್ಕಿಗೆ ಅದಕ್ಕಿಂತ ಒಳ್ಳೆಯ ಮದ್ದು ಸುಲಭಕ್ಕೆ ಸಿಗದು. ಕರಗದ ಕೆಂಪು ಕಬ್ಬಿಣವನ್ನು ಅದು ಕರಗುವ ರೂಪಕ್ಕೆ ಇಳಿಸುತ್ತದೆ, ಸಿಟ್ರೇಟ್ ಆ ಕಬ್ಬಿಣವನ್ನು ಹಿಡಿದು ನೀರಿನಲ್ಲೇ ಇಟ್ಟುಕೊಳ್ಳುತ್ತದೆ, ಅಡುಗೆ ಸೋಡಾ ದ್ರಾವಣ ಹುಳಿಯಾಗದಂತೆ ಕಾಯುತ್ತದೆ. ಹುಳಿಯಿಲ್ಲದ್ದರಿಂದ ಚಿಪ್ಪಿಗೆ ಧಕ್ಕೆ ಬಹಳ ಕಡಿಮೆ.

1 ಲೀಟರ್ ಡಿಸ್ಟಿಲ್ಡ್ ನೀರಿಗೆ 71 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, 8.5 ಗ್ರಾಂ ಅಡುಗೆ ಸೋಡಾ ಕರಗಿಸಿ. ಇದು ಇಟ್ಟರೂ ಕೆಡುವುದಿಲ್ಲ. ತುಂಡನ್ನು ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿಟ್ಟು, ಕೊನೆಯ ಗಳಿಗೆಯಲ್ಲಿ ಲೀಟರಿಗೆ 20 ಗ್ರಾಂನಂತೆ ಹೈಡ್ರೋಸ್ ಬೆರೆಸಿ, ಗಾಳಿ ಉಳಿಯದಂತೆ ಕಂಠಮಟ್ಟ ತುಂಬಿ ಮುಚ್ಚಿ. ಗಾಳಿ ತಾಗಿದರೆ ಕೆಲವೇ ಗಂಟೆಗಳಲ್ಲಿ ಅದರ ಶಕ್ತಿ ಮುಗಿಯುತ್ತದೆ. 24 ಗಂಟೆ ಬಿಟ್ಟು ತೆಗೆದು, ಮೊದಲು ಹೈಡ್ರೋಸ್ ಇಲ್ಲದ ಬರೀ ಸಿಟ್ರೇಟ್ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ, ಆಮೇಲೆ ನೀರಿಗೆ ಹಾಕಿ. ನೇರ ನೀರಿಗೆ ಹಾಕಿದರೆ ಬಿರುಕಿನಲ್ಲಿ ಉಳಿದ ಕಬ್ಬಿಣ ಗಾಳಿ ಸೋಕಿ ಮತ್ತೆ ತುಕ್ಕಾಗಿ ಕೂರುತ್ತದೆ. ತುಕ್ಕು ಉಳಿದಿದ್ದರೆ ಹೊಸ ದ್ರಾವಣದಲ್ಲಿ ಇನ್ನೊಂದು ಸುತ್ತು. ದಿನಗಟ್ಟಲೆ ಬಿಡಬೇಡಿ, ಸಿಟ್ರೇಟ್ ಸುಣ್ಣವನ್ನೂ ಮೆಲ್ಲಗೆ ಮೆಲ್ಲುತ್ತದೆ. ಗಂಧಕದ ಘಾಟು ತಡೆಯಲಾಗದಷ್ಟಿರುತ್ತದೆ, ಮನೆಯೊಳಗೆ ಮಾಡುವ ಕೆಲಸವಲ್ಲ. ಉಬ್ಬಸ ಇರುವವರು ಹತ್ತಿರ ಬರಬಾರದು. ಹೈಡ್ರೋಸ್ ಡಬ್ಬಿಗೆ ತೇವ ಹೊಕ್ಕರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು, ಒದ್ದೆ ಚಮಚ ಅದರೊಳಗೆ ಹೋಗಕೂಡದು.

ಕಲ್ಲಾದ ಮರದಂಥ ಸಿಲಿಕಾ ತುಂಡಿನ ತುಕ್ಕಿಗೆ, ಮ್ಯಾಂಗನೀಸ್ ಕಪ್ಪಿಗೆ ಆಕ್ಸಾಲಿಕ್ ಆಸಿಡ್ ಸಾಕು: ಲೀಟರ್ ಡಿಸ್ಟಿಲ್ಡ್ ನೀರಿಗೆ 50 ಗ್ರಾಂ, ಮೂರು ನಾಲ್ಕು ದಿನ. ಇದು ವಿಷ, ಅಡುಗೆಮನೆಯ ಪಾತ್ರೆ, ಚಮಚ ಬಳಸಬೇಡಿ, ಮಕ್ಕಳ ಕೈಗೆಟುಕದ ಹಾಗೆ ಬೀಗ ಹಾಕಿಡಿ. ಸುಣ್ಣದ ಚಿಪ್ಪಿಗೆ ಇದನ್ನು ಹಾಕಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಬಿಳಿ ಪೊರೆ ಕೂರುತ್ತದೆ, ಅದನ್ನು ತೆಗೆಯಲು ದಾರಿಯಿಲ್ಲ.

ತೊಳೆಯುವ ನೀರು

ನಮ್ಮ ಬೋರ್‌ವೆಲ್ ನೀರಿನ ಸ್ವಭಾವ ಗೀಸರ್ ಕಾಯಿಲ್ ನೋಡಿದವರಿಗೆಲ್ಲ ಗೊತ್ತು. ಅದರಲ್ಲಿ ತೊಳೆದು ಒಣಗಿಸಿದ ಪ್ರತಿ ಸಲವೂ ಹೊಸ ಸುಣ್ಣದ ಪೊರೆ ಬೀಳುತ್ತದೆ. ಆಕ್ಸಾಲಿಕ್ ಆಸಿಡ್ ಆದ ಮೇಲೆ ಮೊದಲ ತೊಳೆತಕ್ಕೇ ಗಡಸು ನೀರು ಹಾಕಿದರೆ ನೀರಿನ ಕ್ಯಾಲ್ಸಿಯಂ ಸೇರಿ, ಸಿಲಿಕಾ ತುಂಡಿನ ಮೇಲೂ ಅದೇ ಆಕ್ಸಲೇಟ್ ಪೊರೆ. ಅನುಮಾನವಿದ್ದರೆ ಒಂದು ಹನಿ ನೀರನ್ನು ಕನ್ನಡಿಯ ಮೇಲೆ ಒಣಗಲು ಬಿಡಿ. ಬಿಳಿ ಉಂಗುರ ಉಳಿಯಿತೆಂದರೆ ಆ ನೀರು ಬೇಡ. ನಲ್ಲಿಯ ಕಾವೇರಿ ನೀರು ಮೊದಲ ಜಾಲಾಟಕ್ಕೆ ಆದೀತು. ಕೊನೆಯ ಎರಡು ನೀರು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಆರ್‌ಒ ನೀರು, ಇಲ್ಲವೇ ಮೊದಲೆರಡು ಮಳೆ ಬಿಟ್ಟು ಹಿಡಿದ ಮಳೆನೀರು ಇರಲಿ. ತುಂಡು ನೆನೆದ ಡಿಸ್ಟಿಲ್ಡ್ ನೀರಿಗೆ ಪಿಎಚ್ ಕಾಗದ ಅದ್ದಿ ನೋಡಿ, 6.5ರಿಂದ 7.5ರ ನಡುವೆ ಎರಡು ದಿನ ನಿಂತರೆ ತೊಳೆದದ್ದು ಸಾಕು.

ದಣಿದ ಆಸಿಡ್‌ಗೆ ನೊರೆ ನಿಲ್ಲುವವರೆಗೆ ಅಡುಗೆ ಸೋಡಾ ಹಾಕಿ. ಆಕ್ಸಾಲಿಕ್‌ಗೆ ಸುಣ್ಣದ ತಿಳಿನೀರು ಬೆರೆಸಿದರೆ ಅದು ತಳಕ್ಕೆ ಕೂರುತ್ತದೆ, ಮಡ್ಡಿಯನ್ನು ಬೇರೆಯಾಗಿ ಒಣಗಿಸಿ ಪ್ರಯೋಗಶಾಲೆಯ ತ್ಯಾಜ್ಯಕ್ಕೆ ಕೊಡಿ. ವಿಶ್ವೇಶ್ವರಯ್ಯ ನಾಲೆಗೋ ಕೆರೆಗೋ ಯಾವುದನ್ನೂ ಚೆಲ್ಲಬೇಡಿ. ಕೆಳಗೆ ಗದ್ದೆಗಳಿವೆ, ದನ ನೀರು ಕುಡಿಯುತ್ತವೆ.

ಪೈರೈಟ್ ಮತ್ತು ಸಾಲಿಗ್ರಾಮ

ಪೈರೈಟ್ ಇರುವ ತುಂಡಿಗೆ ನೀರು, ಆಸಿಡ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ತೇವ, ಗಾಳಿ ಸೇರಿದರೆ ಅದು ಗಂಧಕಾಮ್ಲವಾಗಿ, ಹಳದಿ ಬಿಳಿ ಪುಡಿ ಉದುರಿ, ಕೆಳಗಿಟ್ಟ ಚೀಟಿಯನ್ನೂ ಸುಡುತ್ತದೆ. ಗಾಳಿಯ ತೇವಾಂಶ 60 ಶೇಕಡಾ ದಾಟಿದರೆ ಇದು ಚುರುಕಾಗುತ್ತದೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಮೈಸೂರಿನ ಗಾಳಿ ಬಹುತೇಕ ಅದಕ್ಕಿಂತ ಮೇಲೇ. ಒಣ ಬ್ರಷ್‌ನಿಂದ ಪುಡಿ ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ತಿರುಗಿದಾಗ 110 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರ ಬಹುಪಾಲು ಅಮೋನೈಟ್‌ನ ಅಚ್ಚೇ. ದಿನವೂ ಅಭಿಷೇಕವಾದಾಗ ನೀರಿನ ಸುಣ್ಣ, ಹಾಲು ತುಪ್ಪದ ಜಿಡ್ಡು, ಗಂಧ ಸೇರಿ ಚಕ್ರದ ಗೆರೆಗಳಲ್ಲಿ ಬೂದು ಪೊರೆ ಕಟ್ಟುತ್ತದೆ. ಪಕ್ಕದ ಪಂಚಪಾತ್ರೆಗೆ ಹಾಕುವ ಹುಣಸೆಹಣ್ಣನ್ನು ಇದಕ್ಕೆ ತಾಗಿಸಬೇಡಿ, ವಿನೆಗರ್ ಕೂಡ ಬೇಡ. ಚಕ್ರದ ಏಣುಗಳಲ್ಲಿ ಕ್ಯಾಲ್ಸೈಟ್ ಇದ್ದರೆ ಅವು ಸವೆದೇ ಹೋಗುತ್ತವೆ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಹೊಸ ಮೃದು ಬ್ರಷ್‌ನಿಂದ ಜಿಡ್ಡು ತೆಗೆದು, ಉಳಿದ ಪೊರೆಯನ್ನು ಮಸೂರದಡಿ ಬಿದಿರು ಕಡ್ಡಿಯಿಂದ ಬಿಡಿಸಿ. ಒಳಗೆ ಹೊಂಬಣ್ಣದ ಹೊಳಪು ಕಂಡರೆ ಅದು ಪೈರೈಟ್. ಅಂಥದ್ದನ್ನು ನೆನೆಸದೆ ಒಣ ಬಟ್ಟೆಯಲ್ಲಿ ಒರೆಸಿ. ಮುಂದೆ ಅಭಿಷೇಕದ ಕೊನೆಯ ನೀರು ಮಳೆನೀರೋ ಆರ್‌ಒ ನೀರೋ ಆಗಿ, ಆಮೇಲೆ ಹತ್ತಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಟ್ಟರೆ ಪೊರೆ ಮತ್ತೆ ಕಟ್ಟುವುದು ಬಹಳ ತಡವಾಗುತ್ತದೆ.